ಕೆಟ್ಟ ಸದ್ದಿನ ಡಬ್ಬಿ ಕೆಟ್ಟಾಗ

ಎಡಗೈಯ ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಮೇಜಿನಿಂದ ಜಾರಿತು, ಕೈ ತಾನಾಗಿಯೇ ಹೋಗಿ ಹಿಡಿಯಿತು. ಹಿಡಿದದ್ದು ಹಿಡಿಯಿರುವ ಕಡೆಯಲ್ಲ. ಜಾರುವ ಲೋಟವನ್ನು ಈ ಜನ್ಮದಲ್ಲಿ ಒಮ್ಮೆಯೂ ಹಿಡಿಯದ ಕೈ, 350 ಡಿಗ್ರಿ ಕಾದ ಕಬ್ಬಿಣವನ್ನು ಮಾತ್ರ ಸ್ಲಿಪ್ಪಿನಲ್ಲಿ ನಿಂತವನಂತೆ ಕ್ಯಾಚ್ ಮಾಡಿತು.

ಎಲ್ಲಕ್ಕೂ ಕಾರಣ ಒಂದು ಫಝ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು, ನೆಟ್ಟಗೆ ಬರುತ್ತಿರುವ ಸದ್ದಿನ ತಲೆಯನ್ನೂ ಬುಡವನ್ನೂ ಕತ್ತರಿಸಿ ಗೊರಗೊರ ಅನ್ನಿಸುವ ಡಬ್ಬಿ. ಸಿದ್ಧ ಮಾಡಿದ್ದೇ ಸಿಗುತ್ತೆ. ಆದರೆ 1966ರ ಫಝ್ ಫೇಸ್ ಎಂಬ ಪೆಡಲಿನ ಸರ್ಕ್ಯೂಟ್ ನೋಡಿದರೆ ಎಂಥವನಿಗೂ ಕೈ ತುರಿಸುತ್ತೆ: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಸದ್ದು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಎರಡು ಪಾಟ್. ಒಟ್ಟು ಹನ್ನೊಂದೇ ಹನ್ನೊಂದು ಸಾಮಾನು. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಇವತ್ತಿಗೆ ನಾಲ್ಕನೇ ಭಾನುವಾರ.

ಮೊದಲ ದಿನ ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಎಲ್‌ಇಡಿ ಝಗ್ಗನೆ ಹತ್ತಿತು. ಸದ್ದು ಮಾತ್ರ, ಬಾಯಿಗೆ ಬಟ್ಟೆ ತುರುಕಿದವನು ಪಕ್ಕದ ಕೋಣೆಯಿಂದ ಕೂಗಿದಂತೆ. ಜೋರಾಗಿ ಬಾರಿಸಿದರೆ ಒಂದು ಸಲ "ಪುರ್ರ್" ಅಂದು ಸುಮ್ಮನಾಗುತ್ತಿತ್ತು.

ಇಲ್ಲಿ ನಮ್ಮ ಮಾವನವರನ್ನು ಪರಿಚಯಿಸಬೇಕು. ಹೆಂಡತಿಯ ತಂದೆ, ನಮ್ಮ ಜೊತೆಗೇ ಇದ್ದಾರೆ. ನಾನು ತಂತಿ ಮೀಟಿದ ಪ್ರತಿ ಸಲವೂ ಪಕ್ಕದ ಕೋಣೆಯಿಂದ ಅದೇ ಒಂದು ಪ್ರಶ್ನೆ: "ಇದು ಸರಿಯಾದ ಸದ್ದೋ, ಕೆಟ್ಟ ಸದ್ದೋ?" ವ್ಯಂಗ್ಯ ಇಲ್ಲವೇ ಇಲ್ಲ. ನಿಜವಾಗಿ ತಿಳಿಯಬೇಕಾಗಿದೆ ಅವರಿಗೆ. "ಕೆಟ್ಟದ್ದು" ಅಂದರೆ "ಹೂಂ" ಅನ್ನುತ್ತಾರೆ. ಐದು ನಿಮಿಷ ಬಿಟ್ಟು ಮತ್ತೆ, "ಈಗ?" ಒಮ್ಮೆ ರೇಗಿ, "ಸರಿಯಾದ್ರೆ ನಾನೇ ಬಂದು ಹೇಳ್ತೀನಿ ಮಾವ" ಅಂದೆ. "ಅಲ್ಲಪ್ಪ, ಸರಿಯಾದ ಮೇಲೆ ಹೇಗಿರುತ್ತೆ ಅಂತ ಒಂದು ಸಲ ಬಾಯಲ್ಲಿ ಮಾಡಿ ತೋರಿಸು, ನಾನೂ ಗಮನ ಇಟ್ಟು ಕೇಳ್ತೀನಿ" ಅಂದರು. ತೋರಿಸಿದೆ. ಮನೆಯ ಯಜಮಾನನೆನಿಸಿಕೊಂಡ ನಾನು, ಕೈಯಲ್ಲಿ ಕಾದ ಕಬ್ಬಿಣ ಹಿಡಿದು, ಬಾಗಿಲಲ್ಲಿ ನಿಂತು "ಗ್ರ್ರ್‌ಝ್ಝ್ಝ್" ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು. "ಮತ್ತೆ ಆಗ್ಲಿಂದ ಹಾಗೇ ಬರ್ತಿದೆಯಲ್ಲ?"

ಸಿಟ್ಟು ಬಂದದ್ದು ಅವರ ಮೇಲಲ್ಲ. ಪ್ರಶ್ನೆ ನ್ಯಾಯವಾದದ್ದು ಅನ್ನುವುದರ ಮೇಲೆ. ಈ ಸದ್ದು ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ. 1960ರ ಸುಮಾರಿಗೆ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಗಿಟಾರ್ ವಾದಕ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದಾಗ, ಸದ್ದುಗಳನ್ನು ಬೆರೆಸುವ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೈಕೊಟ್ಟು ಸದ್ದು ಹರಿದುಹೋಯಿತು. ಹರಿದದ್ದೇ ಚೆನ್ನಾಗಿದೆ ಅಂತ ಹಾಗೇ ಬಿಟ್ಟರು. 1962ಕ್ಕೆ ಅದೇ ಹರಕು ಸದ್ದನ್ನು ಮಾಡಲು ಮಾಯೆಸ್ಟ್ರೊ ಎಫ್‌ಝಡ್-1 ಎಂಬ ಡಬ್ಬಿ ಬಂತು. ಅಲ್ಲಿ ಒಂದು ಯಂತ್ರ ಕೆಟ್ಟು ಇತಿಹಾಸವಾಯಿತು. ನನ್ನದು ಕೆಟ್ಟರೆ ಬರೀ ಕೆಟ್ಟಿತು.

ಹುಡುಕಾಟ ಶುರುವಾಯಿತು. ಬ್ಯಾಟರಿ ಬದಲಿಸಿದೆ. ಒಂಬತ್ತು ಕಾಲಿನ ಸ್ವಿಚ್ಚಿನ ಒಂಬತ್ತೂ ಕಾಲನ್ನು ಮತ್ತೆ ಬೆಸೆದೆ. ಮಂಕಾಗಿ ಕಂಡ ಬೆಸುಗೆಗಳನ್ನೆಲ್ಲ ಕರಗಿಸಿ ಹೊಳಪು ಬರಿಸಿದೆ. ಸದ್ದಿಗೆ ಹೊಳಪು ಬರಲಿಲ್ಲ. ಮಲ್ಟಿಮೀಟರ್ ಹಿಡಿದರೆ, ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ನಾಲ್ಕೂವರೆ ವೋಲ್ಟಿನ ಆಸುಪಾಸು ಇರಬೇಕಾದದ್ದು ಒಂದರ ಹತ್ತಿರವೇ ಮಲಗಿತ್ತು. ಮೂರು ರಾತ್ರಿ ರೆಸಿಸ್ಟರುಗಳ ಬಣ್ಣದ ಪಟ್ಟಿ ಓದಿದೆ. ಕಂದು ಯಾವುದು ಕೆಂಪು ಯಾವುದು ಅಂತ ಟಾರ್ಚ್ ಬಿಟ್ಟು ನೋಡುವ ಹೊತ್ತಿಗೆ ಮದುವೆ, ಸಂಸಾರ ಎಲ್ಲದರ ಮೇಲೂ ವೈರಾಗ್ಯ ಬಂದಿತ್ತು.

ತಪ್ಪು ಇದ್ದದ್ದು ನನ್ನ ಮೂಗಿನ ಕೆಳಗೆ. ನಕ್ಷೆಯಲ್ಲಿದ್ದ ಟ್ರಾನ್ಸಿಸ್ಟರ್ 2ಎನ್3904, ನನ್ನ ಡಬ್ಬದಲ್ಲಿದ್ದದ್ದು ಬಿಸಿ547. ಎರಡೂ ಕಪ್ಪು, ಎರಡಕ್ಕೂ ಮೂರು ಕಾಲು, ಎರಡಕ್ಕೂ ಒಂದು ಕಡೆ ಚಪ್ಪಟೆ ಮುಖ. ಆದರೆ ಚಪ್ಪಟೆ ಮುಖ ನಮ್ಮ ಕಡೆ ಮಾಡಿ ನೋಡಿದರೆ ಒಂದಕ್ಕೆ ಎಡಗಾಲು ಎಮಿಟರ್, ಇನ್ನೊಂದಕ್ಕೆ ಎಡಗಾಲು ಕಲೆಕ್ಟರ್. ಅವಳಿ ಮಕ್ಕಳಲ್ಲಿ ಒಬ್ಬ ಎಡಚ ಇದ್ದ ಹಾಗೆ. ಹಿಂದುಮುಂದಾಗಿ ಹಾಕಿದರೂ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ಒಲ್ಲದ ಮನಸ್ಸಿನಿಂದ ಚೂರುಪಾರು ಕೆಲಸ ಮಾಡುತ್ತೆ. ನೆಟ್ಟಗೆ ಸತ್ತಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತು.

ಎರಡನ್ನೂ ಕಿತ್ತು ತಿರುಗಿಸಿ ಹಾಕಿ ಸ್ವಿಚ್ ಒತ್ತಿದೆ. ಗಿಟಾರ್ ಮುಟ್ಟುವ ಮೊದಲೇ ಸ್ಪೀಕರಿನಿಂದ ಒಬ್ಬರು ಗಂಭೀರವಾಗಿ ಹವಾಮಾನ ವರದಿ ಓದತೊಡಗಿದರು.

ಸುಳ್ಳಲ್ಲ. ಮುಚ್ಚಳವಿಲ್ಲದ ಬೋರ್ಡು, ಗೇಣುದ್ದದ ತಂತಿಗಳು, ಮೇಲೆ ಸಣ್ಣ ಸದ್ದನ್ನೂ ಹಿಗ್ಗಿಸುವ ಅಷ್ಟು ಗೇನ್: ತಂತಿ ಆಂಟೆನಾ ಆಗುತ್ತೆ, ಟ್ರಾನ್ಸಿಸ್ಟರು ಅಲೆಯಿಂದ ಮಾತು ಹೆಕ್ಕುವ ಡಿಟೆಕ್ಟರ್ ಆಗುತ್ತೆ, ಮೀಡಿಯಂ ವೇವ್ ರೇಡಿಯೊ ಮನೆಗೆ ಬರುತ್ತೆ. ನಾನು ತಲೆ ಮೇಲೆ ಕೈಹೊತ್ತು ಕೂತೆ. ಮಾವ ಮಾತ್ರ ಈ ಸಲ ಪ್ರಶ್ನೆ ಕೇಳದೆ ಎದ್ದೇ ಬಂದರು. ಕುರ್ಚಿ ಎಳೆದುಕೊಂಡು ಆಂಪ್ಲಿಫೈಯರಿಗೆ ಕಿವಿಗೊಟ್ಟು ಕೂತರು. ಅವರ ಹಳೇ ವಾಲ್ವ್ ರೇಡಿಯೊ ಕಾಯುವುದಕ್ಕೇ ಒಂದು ನಿಮಿಷ ಬೇಕಿತ್ತಂತೆ. ಅಷ್ಟು ಹೊತ್ತೂ ಅವರಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಬಿಸಿಯಾಯಿತಾ ಅಂತ ನೋಡುತ್ತಾ ನಿಂತಿರುತ್ತಿದ್ದರಂತೆ. ಮಾವ ಹೇಳುತ್ತಾ ಹೇಳುತ್ತಾ ನನ್ನ ಆಂಪ್ಲಿಫೈಯರಿನ ನೆತ್ತಿಯ ಮೇಲೆ ಅಂಗೈ ಇಟ್ಟರು. ನಾನು ಗಿಟಾರಿನ ವಾಲ್ಯೂಮ್ ಮುಟ್ಟದೆ ವರದಿ ಮುಗಿಯುವವರೆಗೂ ಸುಮ್ಮನಿದ್ದೆ. ಗೊರಗೊರ ಸದ್ದಿನಲ್ಲಿ ಎಲ್ಲೋ ಚದುರಿದಂತೆ ಮಳೆಯಾಗಲಿತ್ತು.

ನಿನ್ನೆ ಎಲ್ಲವನ್ನೂ ಅಲ್ಯೂಮಿನಿಯಂ ಡಬ್ಬಿಗೆ ಇಳಿಸಿದೆ. ನಾಲ್ಕು ಸ್ಕ್ರೂ ಬಿಗಿದೆ. ಪೂರ್ತಿ ಮೌನ. ಬಿಚ್ಚಿದೆ, ಸದ್ದು. ಬಿಗಿದೆ, ಮೌನ. ಹನ್ನೆರಡು ಸಲ ಆದ ಮೇಲೆ ಕಂಡಿತು: ಮುಚ್ಚಳ ಕೂತಾಗ, ಗಿಟಾರಿನ ವೈರು ಚುಚ್ಚುವ ಜ್ಯಾಕಿನ ಒಂದು ಕಾಲು ಡಬ್ಬಿಯ ಲೋಹಕ್ಕೆ ತಾಗಿ ಸಿಗ್ನಲ್ ಸೀದಾ ಗ್ರೌಂಡಿಗೆ ಹೋಗುತ್ತಿತ್ತು. ಆ ಕಾಲು ಬಗ್ಗಿಸುವ ಗಡಿಬಿಡಿಯಲ್ಲೇ ಐರನ್ ಜಾರಿದ್ದು, ಬೆರಳು ಸುಟ್ಟದ್ದು. ಉಳಿದ ಒಂಬತ್ತು ಬೆರಳಲ್ಲಿ ಒಂದು ತುಂಡು ಟೇಪ್ ಅಂಟಿಸಿ ಮುಚ್ಚಿದೆ.

ಈಗ ಬಂತು ನೋಡಿ. ದಪ್ಪಗೆ, ಗಡುಸಾಗಿ, ಬೆಕ್ಕು ಮಂಚದಡಿ ಓಡುವಷ್ಟು ಚೆನ್ನಾಗಿ. ಲೋಹದ ಡಬ್ಬಿಯೊಳಗೆ ರೇಡಿಯೊದ ಸುಳಿವೇ ಇಲ್ಲ. ಒಂದು ತಂತಿ ಮೀಟಿ, ಅದು ಕೊರೆದು ಕೊರೆದು ಆರುವವರೆಗೂ ಕಣ್ಣುಮುಚ್ಚಿ ಕೇಳಿದೆ.

ಪಕ್ಕದ ಕೋಣೆಯಿಂದ ಮಾವ: "ಅಯ್ಯೋ, ಮತ್ತೆ ಕೆಟ್ಟುಹೋಯ್ತಾ?"