ಮಿದೊರಿ ಅಂದರೆ ಬರೀ ಹಸಿರಾ?

ಮೊನ್ನೆ ಗೆಳೆಯನ ಮನೆಯಲ್ಲಿ ಒಂದು ಬಾಟಲಿ ನೋಡಿದೆ. ಗಾಜಿನ ಮೈಯೆಲ್ಲ ತರಿತರಿ, ಥೇಟ್ ಕರಬೂಜದ ಸಿಪ್ಪೆ. ಒಳಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನಂಥ ಹಸಿರು. ಜಪಾನಿನ ಸಂಟೋರಿ ಕಂಪನಿಯ ಮಿದೊರಿ, ಕರಬೂಜದ ಲಿಕ್ಯೂರ್, ಅಂದರೆ ಸಿಹಿ ಮದ್ಯ. ಒಂದು ಗುಟುಕು ಕುಡಿದೆ, ಸಿಹಿಯೋ ಸಿಹಿ. ಎರಡನೆಯದು ಬೇಡ ಅನಿಸಿತು. ಹೆಸರು ಮಾತ್ರ ತಲೆಯಲ್ಲೇ ಕೂತುಬಿಟ್ಟಿತು.

"ಮಿಡೋರಿ ಅಂದ್ರೆ ಹಸಿರು ಕಣೋ, ಅಷ್ಟೇ" ಎಂದ ಗೆಳೆಯ. ಮೊದಲನೆಯದಾಗಿ ಅದು ಮಿದೊರಿ. ನಮ್ಮಲ್ಲಿ ಚೆನ್ನಾಗಿರೋ ‘ದ’ ಇರುವಾಗ ‘ಡ’ ಯಾಕೆ? ಎರಡನೆಯದು, ಅಷ್ಟೇ ಅಲ್ಲ.

ಜಪಾನಿಯಲ್ಲಿ ಹಸಿರಿಗಿದ್ದ ಹಳೆಯ ಪದ ‘ಆವೊ’. ನೀಲಿಗೂ ಅದೇ. ಇವತ್ತಿಗೂ ಅಲ್ಲಿ ಸಿಗ್ನಲ್‌ನ ಹಸಿರು ದೀಪವನ್ನು ಆವೊ ಅಂತಲೇ ಕರೆಯುತ್ತಾರೆ. ಮಿದೊರಿಯಲ್ಲಿ ಇರುವುದು ಬಣ್ಣಕ್ಕಿಂತ ಜಾಸ್ತಿ ಚಿಗುರಿನ ಎಳೆತನ. ಎಳೆಗೂಸಿಗೆ ಅವರ ಹಳೆಯ ಮಾತು ‘ಮಿದೊರಿಗೊ’, ಅಂದರೆ ಹಸಿರು ಮಗು. 701ರ ತೈಹೊ ಕಾನೂನಿನಲ್ಲಿ 3 ವರ್ಷದವರೆಗಿನ ಮಕ್ಕಳಿಗೆ ಬಳಸಿದ್ದೂ ಹಸಿರು ಅನ್ನುವ ಅಕ್ಷರವನ್ನೇ. ಹೆಂಗಸರ ಮಿರಿಮಿರಿ ಕಪ್ಪು ಕೂದಲನ್ನೂ ಮಿದೊರಿ ಅಂತಾರೆ. ಕಪ್ಪು ಕೂದಲು ಹಸಿರಂತೆ!

ವಿಚಿತ್ರ ಅನಿಸಿತಾ? ನಮ್ಮ ‘ಹಸುಗೂಸು’ ನೋಡಿ. ಅಲ್ಲಿರೋದು ಹಾಲು ಕೊಡುವ ಹಸು ಅಂತ ನಾನೂ ತುಂಬಾ ದಿನ ನಂಬಿದ್ದೆ. ಅಲ್ಲ. ಅದು ಹಳಗನ್ನಡದ ‘ಪಸು’, ಎಳೆಯದು, ಹಸಿಯದು. ಹಸಿರು, ಹಸಿ, ಹಸುಳೆ ಎಲ್ಲ ಅದೇ ಬೇರಿನ ಚಿಗುರುಗಳು. ಹಸಿ ಬಾಣಂತಿ, ಹಸಿ ಗಾಯ ಅನ್ನುವಾಗ ಯಾರಾದರೂ ಬಣ್ಣ ನೆನೆಯುತ್ತಾರಾ? ಜಪಾನಿಗೂ ಕನ್ನಡಕ್ಕೂ ನಂಟಿದೆ ಅಂತ ಹೇಳುತ್ತಿಲ್ಲ, ದಯವಿಟ್ಟು ಕಾಮೆಂಟಿನಲ್ಲಿ ಅದನ್ನು ಶುರು ಮಾಡಬೇಡಿ. ಎರಡೂ ಕಡೆಯ ಜನ ಚಿಗುರನ್ನೂ ಕೂಸನ್ನೂ ಒಂದೇ ಕಣ್ಣಲ್ಲಿ ನೋಡಿದರು, ಅಷ್ಟೇ.

ಇನ್ನೊಂದು ತಮಾಷೆ. ಜಪಾನಿನಲ್ಲಿ ಈ ಲಿಕ್ಯೂರ್ ಮೊದಲು ಮಾರಾಟವಾಗುತ್ತಿದ್ದುದು ಹರ್ಮಿಸ್ ಅನ್ನುವ ಹೆಸರಲ್ಲಿ, ಗ್ರೀಕರ ದೇವರು! 1978ರಲ್ಲಿ ಅಮೆರಿಕದಲ್ಲಿ ಮಾರಲು ಹೊರಟಾಗ ಮಿದೊರಿ ಆಯಿತು. ನ್ಯೂಯಾರ್ಕಿನ ಸ್ಟುಡಿಯೊ 54 ಡಿಸ್ಕೊ ಕ್ಲಬ್ಬಿನಲ್ಲಿ ಬಿಡುಗಡೆ. ಮನೆಯವರಿಗೆ ಪರದೇಶಿ ಹೆಸರು, ಪರದೇಶಿಗಳಿಗೆ ಮನೆಯ ಹೆಸರು. ವ್ಯಾಪಾರಿ ಬುದ್ಧಿ ಅಂದರೆ ಇದು ಅಲ್ವಾ?

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಗೆಳೆಯ ಅದಕ್ಕೆ ನಿಂಬೆಹಣ್ಣು ಹಿಂಡಿ, ಸೋಡಾ ಸುರಿದು ಕೊಟ್ಟ. ಹಾಗೆ ಪರವಾಗಿಲ್ಲ, ಇಳಿಯುತ್ತದೆ.