ಬೋರ್ಡ್ ಬರುವ ಹೊತ್ತಿಗೆ ಮಗು ನೀರು ಕುಡಿದಾಗಿತ್ತು

ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬೆಳಿಗ್ಗೆ ನೋಡಿದರೆ ಒಳ್ಳೆ ಬಿಸಿಲು, ಸಮುದ್ರ ಶಾಂತ. ರಜೆಗೆ ಹೋಗಿದ್ದ ಆ ಬೀಚಿನ ಒಂದು ತುದಿಯಲ್ಲಿ ಮಳೆನೀರಿನ ಚರಂಡಿ ಬಂದು ಮರಳಿನ ಮೇಲೆ ಸಣ್ಣ ಹೊಂಡ ಮಾಡಿಕೊಂಡಿತ್ತು. ಮೊಣಕಾಲಷ್ಟು ನೀರು, ಬೆಚ್ಚಗೆ, ಅಲೆಯೇ ಇಲ್ಲ. ಅಕ್ಕನ ಮಗ ಅದರಲ್ಲೇ ಎರಡು ಗಂಟೆ ಹೊರಳಾಡಿದ. "ಅಲೆ ಕಡೆ ಹೋಗಬೇಡ, ಇಲ್ಲೇ ಆಡ್ಕೋ" ಅಂತ ಹೇಳಿದವಳು ನಾನೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮರುದಿನ ರಾತ್ರಿಯಿಂದ ವಾಂತಿ, ಭೇದಿ, ಜ್ವರ. ನಾಲ್ಕು ದಿನದಲ್ಲಿ ಮಗು ಹಿಂಡಿದ ಬಟ್ಟೆಯಂತಾಗಿತ್ತು. ಆ ನೀರಿನಿಂದಲೇ ಬಂತು ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ, ಒಪ್ಪುತ್ತೇನೆ. ಆದರೆ ನಾವು ಹೊರಡುವ ದಿನ ಅಲ್ಲಿ ಬೋರ್ಡ್ ಬಂದಿತ್ತು, ನೀರಿಗೆ ಇಳಿಯಬೇಡಿ ಅಂತ. ಸ್ಯಾಂಪಲ್ ತೆಗೆದ ತಾರೀಕು ಕೆಳಗೆ ಸಣ್ಣಕ್ಷರದಲ್ಲಿತ್ತು. ಅವನು ಹೊಂಡದಲ್ಲಿ ಆಡಿದ ದಿನವೇ ಅದು.

ಮೊದಲು ಸಿಟ್ಟು ಬಂತು. ಆಮೇಲೆ ಬೀಚಿನ ನೀರಿನ ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಓದುತ್ತಾ ಹೋದೆ. ಲ್ಯಾಬಿನವರು ಸೋಮಾರಿಗಳೇನಲ್ಲ. ಸ್ಯಾಂಪಲ್ ತೆಗೆಯುವವರು ನೀರಿಗೆ ಇಳಿದು, ಬಾಟಲಿಯನ್ನು ಬೋರಲು ಮುಳುಗಿಸಿ, ಮೇಲಿನಿಂದ ಸುಮಾರು 30 ಸೆಂಟಿಮೀಟರ್ ಕೆಳಗೆ ತುಂಬಿಸುತ್ತಾರೆ. ಐಸ್ ಪೆಟ್ಟಿಗೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಲ್ಯಾಬಿಗೆ ಮುಟ್ಟಿಸಬೇಕು. ಅಲ್ಲಿ ಅದನ್ನು 41 ಡಿಗ್ರಿ ಶಾಖದಲ್ಲಿ ಸುಮಾರು 24 ಗಂಟೆ ಇಡುತ್ತಾರೆ. ಒಂದು ವಿಧಾನದಲ್ಲಂತೂ ನೀರನ್ನು ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ತುಂಬಿಸಿಡುತ್ತಾರೆ, ಮರುದಿನ ಕತ್ತಲಲ್ಲಿ ನೇರಳಾತೀತ ಬೆಳಕು ಹಿಡಿದರೆ ಬ್ಯಾಕ್ಟೀರಿಯಾ ಇರುವ ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ಅವನ್ನು ಎಣಿಸಬೇಕು. ಬ್ಯಾಕ್ಟೀರಿಯಾ ಬೆಳೆಯಲು ಹೊತ್ತು ಬೇಕು, ಬೇಗ ಬೆಳಿ ಅಂದರೆ ಬೆಳೆಯುವುದಿಲ್ಲ. ಅಂದರೆ ಬೋರ್ಡ್ ಹೇಳುವುದು ನಿನ್ನೆಯ ನೀರಿನ ವಿಷಯ. ಅಷ್ಟರಲ್ಲಿ ಭರತ ಇಳಿತ ಒಂದೆರಡು ಸಲ ಬಂದು ಹೋಗಿರುತ್ತದೆ.

ಹುಡುಕುವುದು ಕಾಯಿಲೆ ತರುವ ಕ್ರಿಮಿಯನ್ನೇ ಅಲ್ಲ ಅನ್ನೋದೂ ಗೊತ್ತಿರಲಿ. ಉಪ್ಪುನೀರಿನಲ್ಲಿ ಎಂಟರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಎಣಿಸುತ್ತಾರೆ. ಅದು ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿರುತ್ತದೆ. ಅದು ಜಾಸ್ತಿ ಸಿಕ್ಕಿತು ಅಂದರೆ ಮಲ ಎಲ್ಲಿಂದಲೋ ನೀರಿಗೆ ಸೇರಿದೆ, ಜೊತೆಗೆ ವೈರಸ್‌ಗಳೂ ಇರಬಹುದು ಅಂತ ಲೆಕ್ಕ. ಮಧ್ಯಾಹ್ನದ ಬಿಸಿಲಿಗೆ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ, ಆದರೆ ಕೆಲವು ವೈರಸ್‌ಗಳು ಅಷ್ಟು ಬೇಗ ಸಾಯುವುದಿಲ್ಲ. ಹಾಗಾಗಿ ಎಣಿಕೆ ಕಡಿಮೆ ಬಂತು ಅಂದ ಮಾತ್ರಕ್ಕೆ ನೀರು ಶುದ್ಧ ಅಂತಲ್ಲ.

ಮಿತಿ ಅನ್ನೋದರ ಅರ್ಥವೂ ನಾವು ಅಂದುಕೊಂಡಂತಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಕೊಟ್ಟ ಒಂದು ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಎಂಟರೊಕಾಕಸ್‌ನ ಸರಾಸರಿ 35 ದಾಟಬಾರದು. ಅಷ್ಟಿದ್ದರೂ 1000 ಈಜುಗಾರರಲ್ಲಿ ಸುಮಾರು 36 ಜನರಿಗೆ ಹೊಟ್ಟೆ ಕೆಡಬಹುದು ಅಂತ ಅವರ ಅಂದಾಜು. ಮಕ್ಕಳು ಈಜುವಾಗ ದೊಡ್ಡವರಿಗಿಂತ ಜಾಸ್ತಿ ನೀರು ನುಂಗುತ್ತಾರೆ, ಆಡುವುದೂ ದಡದ ಹತ್ತಿರವೇ. ಯುರೋಪಿನ 2006ರ ನಿಯಮದ ಪ್ರಕಾರ ಬೀಚಿಗೆ "ಅತ್ಯುತ್ತಮ" ಅನ್ನುವ ದರ್ಜೆ ಕೊಡುವುದು ಸಾಮಾನ್ಯವಾಗಿ ನಾಲ್ಕು ಸೀಸನ್ನಿನ ಸ್ಯಾಂಪಲ್ ಒಟ್ಟಿಗೆ ನೋಡಿ. ಸೀಸನ್ನಿಗೆ ಕನಿಷ್ಠ ನಾಲ್ಕು ಸ್ಯಾಂಪಲ್ ಸಾಕು. ಆ ದರ್ಜೆ ಸುಳ್ಳಲ್ಲ, ಆದರೆ ನಿನ್ನೆ ರಾತ್ರಿ ಮಳೆ ಬಂದದ್ದು ಅದಕ್ಕೆ ಗೊತ್ತಿರುವುದಿಲ್ಲ, ಅಲ್ವಾ?

ನಾನು ಹೇಳಬೇಕಾದ್ದು ಇಷ್ಟೇ. ಲ್ಯಾಬಿನ ಫಲಿತಾಂಶಕ್ಕೆ ಕಾಯದೆ ಮಳೆ ಬಂದ ಕೂಡಲೇ ಎಚ್ಚರಿಕೆ ಕೊಡಿ. ಮಳೆ ಬಂದಾಗ ರಸ್ತೆ, ಕೊಟ್ಟಿಗೆ, ತುಂಬಿ ಉಕ್ಕಿದ ಒಳಚರಂಡಿ ಎಲ್ಲದರ ಕೊಳೆಯೂ ಒಂದೇ ಕಾಲುವೆಯಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಇದನ್ನು ತಿಳಿಯಲು 24 ಗಂಟೆ ಬೇಕಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮಳೆ ಬಂದರೆ 72 ಗಂಟೆ ಚರಂಡಿ ಬಾಯಿ, ತೊರೆ, ನದಿ ಸೇರುವ ಕಡೆ ನೀರಿಗೆ ಇಳಿಯಬೇಡಿ ಅಂತ ಮೊದಲೇ ಸಾರುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಜೋರು ಮಳೆಯ ನಂತರ ತೆರೆದ ಬೀಚಿಗೆ ಒಂದು ದಿನ, ಅಳಿವೆಗೆ ಮೂರು ದಿನದವರೆಗೆ ತಡೆದುಕೊಳ್ಳಿ ಅನ್ನುತ್ತಾರೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಮಳೆ ಅಳೆಯುವ ಒಂದು ಡಬ್ಬಿ ಮತ್ತು ಬೋರ್ಡ್ ನೆಡುವ ಒಬ್ಬ ಮನುಷ್ಯ ಸಾಕು.

ದುಡ್ಡಿದ್ದರೆ ಬೇಗ ಆಗುವ ಪರೀಕ್ಷೆಯೂ ಇದೆ. ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯದೆ ನೇರವಾಗಿ ಡಿಎನ್‌ಎ ಎಣಿಸುವುದು, ಅದೇ ದಿನ ಉತ್ತರ ಸಿಗುತ್ತದೆ. ಅಮೆರಿಕದ್ದೇ ಸ್ಯಾನ್ ಡಿಯಾಗೊ ಕೌಂಟಿ 2022ರಲ್ಲಿ ಬೀಚುಗಳಿಗೆ ಇದನ್ನು ಶುರು ಮಾಡಿತು. ಅಲ್ಲಿ ಮೆಕ್ಸಿಕೊ ಗಡಿಯ ಹತ್ತಿರದ ಬೀಚುಗಳಲ್ಲಿ ಎಚ್ಚರಿಕೆಯ ದಿನಗಳು ಜಾಸ್ತಿಯಾದವು, ವ್ಯಾಪಾರಕ್ಕೆ ಪೆಟ್ಟು ಅಂತ ಮಾತು ಬಂತು. ವ್ಯಾಪಾರದವರ ಕಷ್ಟ ನನಗೆ ಅರ್ಥವಾಗುತ್ತದೆ. ರಜೆಯ ನಾಲ್ಕು ದಿನದ ಗಿರಾಕಿಯನ್ನೇ ನಂಬಿ ಇಡೀ ವರ್ಷ ಕಳೆಯುವವರಿದ್ದಾರೆ. ಆದರೆ ಬೋರ್ಡ್ ತೆಗೆದರೆ ನೀರು ಸರಿಹೋಗುವುದಿಲ್ಲ. ಸಿಟ್ಟು ಬರಬೇಕಾದ್ದು ಚರಂಡಿಯ ಮೇಲೆ, ಬೋರ್ಡಿನ ಮೇಲಲ್ಲ.

ಬೋರ್ಡ್ ಬರೆಯುವವರಿಗೂ ಒಂದು ಮಾತು. "ನೀರಿನ ಗುಣಮಟ್ಟ ಮಿತಿ ಮೀರಿದೆ" ಅಂದರೆ ಯಾರಿಗೆ ಅರ್ಥವಾಗುತ್ತದೆ? "ಈ ನೀರಿನಲ್ಲಿ ಕೊಳಚೆ ಸೇರಿದೆ, ಮಕ್ಕಳನ್ನು ಇಳಿಸಬೇಡಿ" ಅಂತ ಬರೆಯಿರಿ. ಸ್ಯಾಂಪಲ್ ತೆಗೆದ ದಿನವನ್ನು, ಕೊನೆಯ ಮಳೆ ಬಂದ ದಿನವನ್ನು ದೊಡ್ಡಕ್ಷರದಲ್ಲಿ ಹಾಕಿ. ಗೇಟಿನ ಹತ್ತಿರ ಒಂದೇ ಬೋರ್ಡ್ ಇದ್ದರೆ ಸಾಲದು, ಚರಂಡಿ ಮರಳಿಗೆ ಇಳಿಯುವ ಕಡೆಯೇ ಒಂದು ಬೇಕು, ಮಕ್ಕಳು ಓಡಿ ಹೋಗುವುದು ಅಲ್ಲಿಗೇ. ಓದಲು ಬಾರದ ಮಗುವಿಗೂ ತಿಳಿಯುವ ಹಾಗೆ ಚಿತ್ರವೂ ಇರಲಿ.

ಈಗ ನಾನು ಯಾವ ಬೀಚಿಗೆ ಹೋದರೂ ಮೊದಲು ಜೀವರಕ್ಷಕರ ಹತ್ತಿರ ಹೋಗಿ ಕೊನೆಯ ಮಳೆ ಯಾವಾಗ ಬಂತು, ಚರಂಡಿ ಎಲ್ಲಿ ಸೇರುತ್ತದೆ ಅಂತ ಕೇಳುತ್ತೇನೆ. ಬಹಳ ಜನ ಸಂತೋಷದಿಂದಲೇ ಹೇಳುತ್ತಾರೆ, ಕೈ ತೋರಿಸಿ. ಅವರಿಗೆ ಗೊತ್ತಿರುತ್ತದೆ. ಅಕ್ಕನ ಮಗ ಈಗ ನನಗಿಂತ ಮೊದಲೇ ಓಡಿ ಹೋಗಿ ಬೋರ್ಡಿನ ತಾರೀಕು ಓದಿ ಬಂದು ಹೇಳುತ್ತಾನೆ. ಹೋದ ಸಲ ಓದಿ ಬಂದದ್ದು ಹನ್ನೊಂದು ದಿನ ಹಳೆಯ ತಾರೀಕು.