ಪರ್ಸಿಗಿ ಗುದ್ದಬ್ಯಾಡ್ರೋ, ಹೆಸರುಕಾಳಿನ ಚೀಲ ಹೊಲಿಸ್ರಿ

ನಿನ್ನೆ ಸಂಜಿ ಕರಾಟೆ ಕ್ಲಾಸ್ ಮುಗಿಸಿ ಗೇಟ್ ಹಾಕ್ಲಾಕತ್ತಿದ್ದೆ, ಒಬ್ಬರು ಪಾಲಕರು ಗಾಡಿ ನಿಲ್ಸಿ ಬಂದ್ರು. "ಸರ್, ಮುಂದಿನ ತಿಂಗಳ ಸಾಲಿ ಗ್ಯಾದರಿಂಗ್ ಅದ, ನಮ್ ಹುಡುಗನ ಕೈಲಿ ಒಂದ್ ಐದು ಹಂಚು ಒಡಸ್ರಿ, ಮಂದಿ ನೋಡ್ಬೇಕು" ಅಂದ್ರು. ಹುಡುಗನ ವಯಸ್ಸು 11. ಬಗಲಾಗೇ ನಿಂತಿದ್ದ, ಹೆಮ್ಮಿಲೆ ಮುಷ್ಟಿ ತೋರಿಸ್ದ, ಗೆಣ್ಣಿನ ಮ್ಯಾಲ ಚರ್ಮ ಸುಲಿದು ಕೆಂಪಗಾಗಿತ್ತು. ಏನಪಾ ಇದು ಅಂದ್ರ "ಮನ್ಯಾಗ ಗ್ವಾಡಿಗಿ ದಿನಾ ನೂರು ಹೊಡಿತೀನ್ರಿ ಸರ್, ಮೊಬೈಲ್‌ನಾಗ ನೋಡೀನಿ" ಅಂದ. ಅವರಪ್ಪ ನಗ್ಲಾಕತ್ತಿದ್ರು. ನನಗ ನಗು ಬರ್ಲಿಲ್ಲ. ರಾತ್ರಿ ಮಲ್ಕೊಂಡ್ರೂ ಆ ಕೆಂಪನ್ ಗೆಣ್ಣೇ ಕಣ್ಮುಂದ, ಅದಕ್ಕ ಬರೀಲಾಕತ್ತೀನಿ, ಸ್ವಲ್ಪ ಉದ್ದ ಆಗ್ತದ, ಸಹಿಸ್ಕೊಳ್ರಿ.

ಯಾಕಂದ್ರ ಆ ಹುಡುಗ ಮಾಡೋದು ನಾನೂ ಮಾಡೀನಿ. ನನಗಾಗ 19. ನಮ್ ಕಲಬುರಗಿ ಕಡಿ ಹಳಿ ಮನಿ ಅಂದ್ರ ಗ್ವಾಡಿನೂ ಕಲ್ಲು, ನೆಲಕ್ಕ ಶಹಾಬಾದಿ ಪರ್ಸಿ, ಅಂದ್ರ ಹಾಸುಗಲ್ಲು. ಕರಾಟೆ ಕಲಿಸೋರು ಹಿತ್ತಲ ಗ್ವಾಡಿಗಿ ಒಂದು ಪರ್ಸಿ ಆನಿಸಿ ನಿಲ್ಸಿದ್ರು, ಅದಕ್ಕ ಗುದ್ದಬೇಕು, ರಕ್ತ ಬಂದ್ರ ಶಾಭಾಸ್. ಯಾರು ಅಂತ ಕೇಳಬ್ಯಾಡ್ರಿ, ಅವರಿಗೂ ಅವರ ಗುರುಗಳು ಹಂಗೇ ಕಲಿಸಿದ್ರು, ಅವರಿಗಿ ಗೊತ್ತಿದ್ದಿದ್ದೇ ಅಷ್ಟು. ಒಂದಿನ ಜೋಷ್‌ನಾಗ ಸ್ವಲ್ಪ ವಾರಿ ಆಗಿ ಹೊಡದೆ, ಪಟಕ್ ಅಂತ ಸಪ್ಪಳ. ಕಿರುಬೆರಳಿನ ಗೆಣ್ಣು ಒಳಗ ಇಳದೇ ಹೋಯ್ತು. ಮನ್ಯಾಗ ಹೇಳ್ಲಾಕ ಅಂಜಿ ಎಲುಬು ಕಟ್ಟವರ ಹಂತ್ಯಾಕ ಹೋದೆ, ಅವರು ತಿಕ್ಕಿ ಬಿಗದ್ ಕಟ್ಟಿದ್ರು, ಮರುದಿನ ಕೈ ಬಾತು ಬದನಿಕಾಯಿ ಆಗಿತ್ತು. ಆಮ್ಯಾಲ ಎಕ್ಸ್‌ರೇ, ಪ್ಲಾಸ್ಟರ್, ಅವ್ವನ ಬೈಗುಳ. ಇವತ್ತಿಗೂ ಮುಷ್ಟಿ ಕಟ್ಟಿದ್ರ ನನ್ನ ಬಲಗೈದಾಗ ಮೂರೇ ಗೆಣ್ಣು ಕಾಣ್ತಾವ.

ಡಾಕ್ಟರು ಇದಕ್ಕ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂದ್ರು. ಹೆಸರಿಗಿ ಬಾಕ್ಸರ್, ಆದ್ರ ಸಿಟ್ಟಿನಾಗ ಗ್ವಾಡಿಗಿ ಗುದ್ದವರಿಗೇ ಜಾಸ್ತಿ ಆಗ್ತದಂತ. ನೀವೇ ಈಗ ಎಡಗೈಲೆ ಬಲಗೈ ಕಿರುಬೆರಳಿನ ಗೆಣ್ಣು ಹಿಡದು ಮ್ಯಾಲ ಕೆಳಗ ಒತ್ತಿ ನೋಡ್ರಿ, ಅಲ್ಲಾಡ್ತದ. ಹಂಗೇ ನಡುಬೆರಳಿನ ಗೆಣ್ಣು ಒತ್ರಿ, ಅಲ್ಲಾಡಂಗಿಲ್ಲ. ತೋರುಬೆರಳು ನಡುಬೆರಳಿನ ಎಲುಬು ಎರಡೂ ಮಣಿಕಟ್ಟಿಗಿ ಗಟ್ಟಿಯಾಗಿ ಕುಂತಿರ್ತಾವ, ಅದಕ್ಕೇ ಕರಾಟೆದಾಗ ಮೊದಲನೆ ಎರಡು ಗೆಣ್ಣಿಲೆ ಹೊಡಿ ಅಂತ ಬಡಕೊಳ್ಳೋದು. ಕಿರುಬೆರಳಿಂದು ಸಡ್ಲ, ಎಲುಬೂ ಸಣ್ಣದು, ಪೆಟ್ಟು ಅಲ್ಲಿ ಬಿದ್ರ ಗೆಣ್ಣಿನ ಕೆಳಗ ಆ ಎಲುಬಿನ ಕುತ್ತಿಗಿ ಮುರೀತದ. ಇಷ್ಟು ನನಗ ಯಾರಾರ ಮೊದಲ ದಿನ ಹೇಳಿದ್ರ ಸಾಕಾಗಿತ್ತು.

ಹಂಗಂತ ಕೈ ಗಟ್ಟಿ ಆಗೋದೇ ಸುಳ್ಳು ಅಂತ ನಾನು ಹೇಳ್ಲಾಕತ್ತಿಲ್ಲ. ಆಗ್ತದ. ಯೂಲಿಯಸ್ ವೋಲ್ಫ್ ಅಂತ ಜರ್ಮನಿ ಡಾಕ್ಟರು 1892ರಾಗೇ ಬರದಾರ, ಎಲುಬಿನ ಮ್ಯಾಲ ಎಂಥಾ ಭಾರ ಬೀಳ್ತದೋ ಎಲುಬು ಅದಕ್ಕ ತಕ್ಕಂಗ ತನ್ನ ಕಟ್ಟಡ ಬದಲಿಸ್ಕೊಂತದ ಅಂತ. ಆದ್ರ ಮೊಬೈಲ್‌ನಾಗ ಹೇಳದೇ ಇರೋ ಮಾತು ಏನಂದ್ರ ಎಲುಬು ಮೊದಲ ಹಳೇದು ಕಿತ್ತು ಆಮ್ಯಾಲ ಹೊಸದು ತುಂಬ್ತದ, ಮನಿ ರಿಪೇರಿ ಇದ್ದಂಗ. ಕೀಳೋದು ಕೆಲವು ವಾರದಾಗ ಮುಗೀತದ, ತುಂಬ್ಲಾಕ ತಿಂಗಳುಗಟ್ಲೆ ಹಿಡೀತದ. ನಡುವಿನ ಆ ಟೈಮ್‌ನಾಗ ಎಲುಬು ಮೊದಲಿಗಿಂತಾ ಕಚ್ಚಾ ಇರ್ತದ, ನಾವು ಅದೇ ಹೊತ್ತಿಗಿ "ನೋವು ಹೋಯ್ತು, ಇನ್ನ ಜೋರ್ ಹೊಡಿ" ಅಂತ ಶುರು ಮಾಡ್ತೀವಿ, ಸಣ್ಣ ಸಣ್ಣ ಬಿರುಕು ಬಿಡೋದು ಅಲ್ಲೇ. ಇನ್ನ ಕೀಲಿನಾಗಿನ ಮೆತ್ತನ್ ಎಲುಬು ಇರ್ತದಲ್ಲ, ಅದಕ್ಕ ರಕ್ತನಾಳ ಇಲ್ಲ, ಅದು ಸವದ್ರ ಮತ್ತ ಸರಿಯಾಗಿ ಬೆಳೆಂಗಿಲ್ಲ. ಹೊರಗ ದಡ್ಡು ಕಟ್ಟಿ ಕಲ್ಲಾದಂಗ ಕಾಣ್ತದ, ಒಳಗ ಕೀಲು ಮುದುಕಾಗಿರ್ತದ.

ಮಕ್ಕಳ ವಿಷಯ ಅಂತೂ ಕೇಳೇಬ್ಯಾಡ್ರಿ. ಅವರ ಎಲುಬಿನ ತುದಿ ಹತ್ರ ಬೆಳಿಯೋ ಜಾಗ ಮೆತ್ತಗೇ ಇರ್ತದ, ಸುಮಾರು 16-17 ತನಕ. ಅಲ್ಲಿ ಪೆಟ್ಟಾದ್ರ ಬೆರಳು ಸೊಟ್ಟ ಬೆಳೀಬಹುದು. ನನ್ನ ಕ್ಲಾಸ್‌ನಾಗ ಆ ವಯಸ್ಸಿನ ಒಳಗ ಪ್ಯಾಡ್ ಬಿಟ್ಟು ಬ್ಯಾರೆ ಯಾವುದಕ್ಕೂ ಹೊಡಿಯೋದು ಇಲ್ಲ, ಬಿಟ್ಟು ಹೋಗವ್ರು ಹೋಗ್ಲಿ.

ದೊಡ್ಡವರು ಏನ್ ಮಾಡಬೇಕು ಅಂದ್ರ ನಾ ಮಾಡೋದು ಹೇಳ್ತೀನಿ. ನಾನು ದಾಲ್ ಮಿಲ್ಲಿನಾಗ ಲೆಕ್ಕ ಬರಿಯೋ ಮನುಷ್ಯ, ಕಾಳಿಗಿ ಬರ ಇಲ್ಲ. ಚೀನಾ ಕಡಿಯವರು ಅಂಗೈ ಹದ ಮಾಡ್ಲಾಕ ಹೆಸರುಕಾಳಿನ ಚೀಲ ಬಳಸ್ತಾರ, ನಾನೂ ಹಳಿ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಎರಡು ಪದರ ಮಾಡಿ ಹೊಲಿಸಿ ನಾಲ್ಕು ಕಿಲೋ ಹೆಸರು ತುಂಬೀನಿ. ಮೊದಲ ಸಲ ತೊಗರಿ ತುಂಬ್ಲಾಕ ಹೋದ್ರ ಅವ್ವ ಕೋಲು ತಗೊಂಡ್ಳು, "ತಿನ್ನೋ ತೊಗರಿಗಿ ಬಡಿತಿಯೇನೋ" ಅಂತ. ಹೆಸರಿಗೂ ಬೈದ್ಳು, ಅದು ಬ್ಯಾರೆ ಮಾತು. ಆ ಚೀಲ ಸ್ಟೂಲ್ ಮ್ಯಾಲ ಇಟ್ಟು ಕೈ ಎತ್ತಿ ಬಿಡೋದು, ಹೊಡಿಯೋದಲ್ಲ, ಬಿಡೋದು, ಕೈಯ ಭಾರ ಅಷ್ಟೇ ಬೀಳಬೇಕು. ಭುಜ ಸಡ್ಲ. ಒಂದು ಕೈಗಿ 20-30 ಸಲ, ವಾರಕ್ಕ ಮೂರು ದಿನ, ನಡುವ ಒಂದೊಂದು ದಿನ ಖಾಲಿ. ಮೂರು ತಿಂಗಳು ಇದರ ಮ್ಯಾಲ ಏನೂ ಇಲ್ಲ. ಬೇಜಾರಾಗ್ತದ, ಗೊತ್ತು. ಮೂರು ತಿಂಗಳಿಗಿ ಒಳಗಿನ ಹೆಸರು ಅರ್ಧ ಹಿಟ್ಟಾಗಿರ್ತದ, ಮಳಿಗಾಲ ಇದ್ರ ನುಸಿನೂ ಹೊಂಟಿರ್ತಾವ, ಅದನ್ನ ಚೆಲ್ಲಿ ಹೊಸದು ತುಂಬೋ ದಿನ ಇನ್ನ ಒಂದಿಷ್ಟು ಜೋರ್ ಮಾಡ್ಬಹುದಾ ಅಂತ ನೋಡ್ಕೊಳ್ಳೋದು, ಕ್ಯಾಲೆಂಡರ್ ಬೇಕಾಗಂಗಿಲ್ಲ.

ಮುಷ್ಟಿಗಿ ಮೊದಲು ಚಾಪಿ ಮ್ಯಾಲ ಮುಷ್ಟಿ ಊರಿ ಸುಮ್ನ ನಿಲ್ಲೋದು, ಆಮ್ಯಾಲ ಹಂಗೇ ಮುಷ್ಟಿ ಮ್ಯಾಲೇ ದಂಡ ಹೊಡಿಯೋದು. ಹೆವಿ ಬ್ಯಾಗ್, ಅಂದ್ರ ತೂಗುಬಿಟ್ಟ ಭಾರದ ಚೀಲ, ಹೊಡಿಯೋರು ಕೈಗಿ ನಾಲ್ಕೂವರೆ ಮೀಟರ್ ಪಟ್ಟಿ ಸುತ್ಕೊಳ್ರಿ, ನಾಚ್ಕೆ ಇಲ್ಲ. ಓಕಿನಾವಾದವರ ಮಾಕಿವಾರಾ ಅಂತ ಒಂದು ಕಂಬ ಇರ್ತದ, ಬುಡ ನೆಲದಾಗ ಹೂತು ತುದಿಗಿ ಹುಲ್ಲಿನ ಹಗ್ಗ ಸುತ್ತಿರ್ತಾರ. ನಮ್ಮವ್ರು ಫೋಟೋ ನೋಡಿ ಅದು ಗ್ವಾಡಿ ಇದ್ದಂಗ ಅಂತ ತಿಳ್ಕೊಂಡಾರ. ಅದರ ಹಲಗಿ ಮ್ಯಾಲಿಗಿ ಹೋದಂಗ ತೆಳ್ಳಗ, ಹೊಡದ್ರ ಬಾಗಬೇಕು, ಬಾಗಿ ಪೆಟ್ಟು ತಾನು ತಗೋತದ. ಗ್ವಾಡಿ ಬಾಗಂಗಿಲ್ಲ, ನಿಮ್ಮ ಪೆಟ್ಟು ನಿಮಗೇ ವಾಪಸ್.

ಮುಂಗೈ ಹದ ಮಾಡ್ಲಾಕ ಲಟ್ಟಣಿಗಿ, ಬಾಟ್ಲಿ ಉರುಳಿಸ್ಕೊಳ್ಳೋ ಹುಡುಗ್ರೂ ಅದಾರ, ಬ್ಯಾಡ್ರೋ, ಎಲುಬಿನ ಮ್ಯಾಲಿನ ಪೊರಿ ಬಾತು ಗಂಟು ಆಗಬಹುದು. ಜೋಡಿ ಇದ್ರ ಮುಂಗೈಗಿ ಮುಂಗೈ ತಾಕಿಸೋ ಡ್ರಿಲ್ ಮಾಡ್ರಿ, ಕೋಟೆ ಕಿತಾಯ್ ಅಂತಾರ, ಮಾಂಸ ಇರೋ ಕಡಿ ತಾಕಬೇಕು, ಕಿರುಬೆರಳಿನ ಕಡಿ ಎಲುಬಿನ ಅಂಚು ಬ್ಯಾಡ. ನೀಲಿಗಟ್ಟಿದ್ರ ಅದು ಹೋಗೋ ತನಕ ಬಿಡ್ರಿ. ಕಿರುಬೆರಳು ಜುಂ ಅಂದ್ರ, ಮುಂಜಾನಿ ಎದ್ದಾಗ ಒಂದೇ ಜಾಗದಾಗ ಚುಚ್ಚಿದ್ರ, ಹೆಬ್ಬೆರಳು ಬುಡದ ಗುಂಡಿಯಾಗ ಒತ್ತಿದ್ರ ನೋವಾದ್ರ ಎಣ್ಣಿ ತಿಕ್ಕೊಂತ ಕೂಡಬ್ಯಾಡ್ರಿ, ಡಾಕ್ಟರ್‌ಗಿ ತೋರಸ್ರಿ. ಆ ಗುಂಡಿಯಾಗಿನ ಎಲುಬು ಮುರದ್ರ ಮೊದಲ ಎಕ್ಸ್‌ರೇದಾಗ ಕಾಣದೇ ಇರಬಹುದು, ಮತ್ತ ಎರಡು ವಾರ ಬಿಟ್ಟು ತೆಗಸ್ತಾರ.

ಖರೇ ಹೇಳಬೇಕಂದ್ರ ನಾನು ನೋಡಿದ ಗಟ್ಟಿ ಕೈ ಯಾವ ಬ್ಲ್ಯಾಕ್ ಬೆಲ್ಟಿಂದೂ ಅಲ್ಲ, ನಮ್ ಮಿಲ್ಲಿನ ಹಮಾಲ್ ಕಾಕಾಂದು. 60 ದಾಟ್ಯಾದ, ಚೀಲದ ಮೂಲಿ ಎರಡೇ ಬೆರಳಿಲೆ ಹಿಡದು ಎಳೀತಾರ. ಒಂದಿನ ಸುಮ್ನ ನನ್ನ ಮಣಿಕಟ್ಟು ಹಿಡದ್ರು, ಬಿಡಿಸ್ಕೊಳ್ಳಾಕ ಆಗ್ಲೇ ಇಲ್ಲ, ಅವರು ಇನ್ನೊಂದು ಕೈಲೆ ಚಹಾ ಕುಡಿಲಾಕತ್ತಿದ್ರು. ಅವರು ಜೀವನದಾಗ ಏನಕ್ಕೂ ಗುದ್ದಿಲ್ಲ. ಹಿಡಿತ ಮೊದಲು ಬರ್ಲಿ ಅಂತ ನಾ ಅವತ್ತಿನಿಂದ ಹುಡುಗ್ರಿಗಿ ಬಕೆಟ್‌ನಾಗ ಜೋಳ ತುಂಬಿ ಬೆರಳು ಇಳಿಸಿ ಹಿಂಡಸ್ತೀನಿ, ನೀರಿನ ಕೊಡ ಹೊರಸ್ತೀನಿ, ಒದ್ದಿ ಚಾದರ ಹಿಂಡಸ್ತೀನಿ. ಅವರವ್ವಂದಿರು ಖುಷಿ ಅದಾರ.

ಇನ್ನ ಹಂಚಿನ ಆಟ. ಹಂಚು ಹಂಚಿನ ನಡುವ ತುಂಡು ಇಟ್ಟು ಗ್ಯಾಪ್ ಕೊಟ್ಟಿರ್ತಾರ ನೋಡ್ರಿ, ಹಂಗಾಗಿ ಎಲ್ಲಾ ಒಮ್ಮೆಲೇ ಒಡಿಯಂಗಿಲ್ಲ, ಒಂದು ಒಡದು ಕೆಳಗಿನದರ ಮ್ಯಾಲ ಬೀಳ್ತದ, ಅಂದ್ರ ಕಾಣಿಸಿದಷ್ಟು ಕಷ್ಟ ಅಲ್ಲ. ಪಾಯಿಂಟ್ ಲೆಕ್ಕದ ಕಾಂಪಿಟೇಷನ್ ಕುಮಿತೆದಾಗ, ಅಂದ್ರ ಇಬ್ಬರ ನಡುವಿನ ಆಟದಾಗ, ಕೈಗಿ ಗ್ಲೌಸ್ ಇರ್ತದ, ಜೋರ್ ಹೊಡದ್ರ ಪೆನಾಲ್ಟಿ, ಅಲ್ಲಿ ಕಲ್ಲಿನ ಕೈಗಿ ಪಾಯಿಂಟ್ ಇಲ್ಲ. ಮತ್ತ ಯಾರಿಗಿ ತೋರಸ್ಲಾಕ?

ಆ ಪಾಲಕರಿಗಿ ಹಂಚು ಆಗಂಗಿಲ್ಲ, ಕಾತಾ, ಅಂದ್ರ ಒಬ್ಬನೇ ಮಾಡಿ ತೋರಿಸೋ ಕರಾಟೆ ವರಸಿ, ಮಾಡಸ್ತೀನಿ ಅಂದೀನಿ. ಮುಖ ಸಣ್ಣದು ಮಾಡ್ಕೊಂಡು ಹೋದ್ರು, ಬ್ಯಾರೆ ಕ್ಲಾಸಿಗಿ ಹಾಕಿದ್ರೂ ಹಾಕಬಹುದು. ಹುಡುಗ ಮಾತ್ರ ಗಾಡಿ ಹತ್ತೋ ಮುಂದ ತಿರುಗಿ ಕೇಳ್ದ, "ಸರ್, ಬಕೆಟ್‌ನಾಗ ಜೋಳದ ಬದ್ಲಿ ಅಕ್ಕಿ ನಡೀತದಾ, ನಮ್ಮನ್ಯಾಗ ರೇಷನ್ ಅಕ್ಕಿ ಭಾಳ ಅದ". ನಡೀತದ ಅಂದೆ.